ಮೂರು ಎಳೆಯ ಹುರಿ

ಕಂಪ್ಲಿಯ ಸೋದರಮಾವನ ಮನೆಯಲ್ಲಿ ಬೇಸಿಗೆ ರಜೆಗೆ ನನಗೆ ಒಂದೇ ಕೆಲಸ, ಕೊಕ್ಕೆ ತಿರುಗಿಸುವುದು. ಮಾವ ಪುಂಡಿನಾರಿನ ಒಂದೊಂದೇ ಎಳೆಯನ್ನು ಒಂದು ಕಡೆಗೆ ಹುರಿ ಮಾಡಿಕೊಂಡು, ಆಮೇಲೆ ಮೂರನ್ನೂ ಕೂಡಿಸಿ ಅದಕ್ಕೆ ಎದುರು ದಿಕ್ಕಿಗೆ ಹೊಸೆಯುತ್ತಿದ್ದ. ಒಂಟಿ ಎಳೆಯನ್ನು ಕೈಬಿಟ್ಟರೆ ಸುರ್ರನೆ ಬಿಚ್ಚಿಕೊಳ್ಳುತ್ತಿತ್ತು. ಮೂರೂ ಕೂಡಿದ ಹಗ್ಗ ಮಾತ್ರ ನೆಲಕ್ಕೆ ಒಗೆದರೂ ಹಾಗೇ ಬಿದ್ದಿರುತ್ತಿತ್ತು. ಎಳೆಗಳು ಒಂದು ಕಡೆ ಬಿಚ್ಚಲು ನೋಡುತ್ತವೆ, ಹಗ್ಗ ಇನ್ನೊಂದು ಕಡೆ. ಆ ಜಗಳದಲ್ಲೇ ಎರಡೂ ಬಿಗಿಯಾಗುತ್ತವೆ.

ಕಾಲೇಜಿನಲ್ಲಿ ಕೊಲಾಜೆನ್ ಪಾಠ ಬಂದ ದಿನ ನನಗೆ ಮಾವನ ಅಂಗಳವೇ ಕಣ್ಣಿಗೆ ಕಟ್ಟಿತು. ನಮ್ಮ ಚರ್ಮ, ಮೂಳೆ, ಕೀಲು ಎಲ್ಲವನ್ನೂ ಹಿಡಿದಿಟ್ಟಿರುವ ಪ್ರೊಟೀನು ಅದು. ಅದರೊಳಗಿನ ಮೂರು ಎಳೆಗಳು ಒಂದೊಂದೂ ಎಡಕ್ಕೆ ಸುತ್ತಿವೆ. ಮೂರೂ ಕೂಡಿ ಬಲಕ್ಕೆ ಹೊಸೆದುಕೊಂಡಿವೆ. ಈ ಮೂರು ಎಳೆಯ ರಚನೆಯನ್ನು ತೋರಿಸಿಕೊಟ್ಟವರು ಜಿ.ಎನ್. ರಾಮಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಶಿಷ್ಯರಾಗಿದ್ದವರು. ಮದರಾಸಿಗೆ ಹೋಗಿ ಗೋಪಿನಾಥ ಕರ್ತಾ ಅವರ ಜೊತೆ ಕಾಂಗರೂ ಬಾಲದ ನಾರಿನ ಎಕ್ಸ್‌ರೇ ಚಿತ್ರ ತೆಗೆದು, 1954ರಲ್ಲಿ ಪ್ರಕಟಿಸಿದರು. ಮುಂದೆ ಬೆಂಗಳೂರಿಗೇ ಮರಳಿ ಜೀವಭೌತ ವಿಜ್ಞಾನದ ವಿಭಾಗ ಕಟ್ಟಿದರು. ಕಾಂಗರೂ ಬಾಲದಲ್ಲಿ ಅವರು ಕಂಡದ್ದು ಮಾವನ ಹಗ್ಗವನ್ನೇ ಎಂದು ನೆನೆದರೆ ನನಗೆ ಇವತ್ತಿಗೂ ಮೈ ಜುಂ ಎನ್ನುತ್ತದೆ.

ಈ ಹುರಿಯಲ್ಲಿ ಪ್ರತಿ ಮೂರನೆಯ ಮಣಿ ಗ್ಲೈಸಿನ್. ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು. ಮೂರು ಎಳೆ ಕೂಡುವ ನಡುವಿನ ಸಂದಿಯಲ್ಲಿ ಬೇರೆ ಯಾರಿಗೂ ಜಾಗವಿಲ್ಲ. ಕಿಡ್ನಿಯಲ್ಲಿ ಇದೇ ಕುಲದ ನಾಲ್ಕನೆಯ ಬಗೆಯ ಕೊಲಾಜೆನ್ ಹಗ್ಗವಾಗದೆ ರಕ್ತ ಸೋಸುವ ಬಲೆಯಾಗಿ ಹರಡಿಕೊಂಡಿದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುಗಂಟುಗಳು. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ಸೋಸುತ್ತವೆ. ಆ ಬಲೆಯ ಎಳೆಯಲ್ಲಿ ಒಂದು ಗ್ಲೈಸಿನ್ ಜಾಗಕ್ಕೆ ದಪ್ಪದೊಂದು ಬಂದು ಕೂತರೂ ಸಾಕು, ಆಲ್‌ಪೋರ್ಟ್ ಎಂಬ ವೈದ್ಯ 1927ರಲ್ಲಿ ವಿವರಿಸಿದ ವಂಶದ ಕಾಯಿಲೆ ಬರಬಹುದು. ಮೂತ್ರದಲ್ಲಿ ರಕ್ತ, ಕಿವಿಯೊಳಗೂ ಅದೇ ಬಲೆ ಇರುವುದರಿಂದ ಕಿವುಡು.

ಅಮೆರಿಕದ ಬಿಲ್ಲಿ ಹಡ್ಸನ್ ಎಂಬ ಜೀವರಸಾಯನ ವಿಜ್ಞಾನಿ ಈ ಒಂದು ಬಲೆಯ ಹಿಂದೆ ದಶಕಗಟ್ಟಲೆ ಬಿದ್ದರು. ಬಲೆಯ ತುದಿಗಳನ್ನು ಕಟ್ಟಿರುವ ಗಂಟು ಯಾವುದು? 2009ರಲ್ಲಿ ಅವರ ತಂಡಕ್ಕೆ ಉತ್ತರ ಸಿಕ್ಕಿತು: ಗಂಧಕಕ್ಕೂ ಸಾರಜನಕಕ್ಕೂ ನಡುವಿನ ಒಂದು ಬೆಸುಗೆ. ಯಾವ ಜೀವಿಯ ಮೈಯಲ್ಲೂ ಯಾರೂ ಅಲ್ಲಿಯವರೆಗೆ ಕಂಡಿರದ್ದು. 2014ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು, ಆ ಗಂಟು ಬೀಳಲು ಬ್ರೋಮಿನ್ ಬೇಕು. ಸಮುದ್ರದ ನೀರಿನ ಬ್ರೋಮಿನ್. ಕಡಲು ಕಾಣದ ನಮ್ಮ ಊರಿನವರ ಮೈಯೊಳಗೂ ಅದು ಗಂಟು ಹಾಕುತ್ತಾ ಕೂತಿದೆ.

ಮಳೆಗಾಲದಲ್ಲಿ ಸಂಡೂರಿನ ಕೆಂಪು ಹಳ್ಳದ ನೀರನ್ನು ಬಟ್ಟೆಯಲ್ಲಿ ಸೋಸಿ ನೋಡಿ. ಎರಡು ಕೊಡಕ್ಕೇ ಬಟ್ಟೆಗೆ ಮಣ್ಣು ಮೆತ್ತಿ ನೀರು ಇಳಿಯುವುದಿಲ್ಲ, ಕೊಡವಬೇಕು. ಕಿಡ್ನಿಯ ಬಲೆಯನ್ನು ಕೊಡವುವವರು ಯಾರು? ಅದು ಕಟ್ಟಿಕೊಳ್ಳದೆ ಹೇಗೆ ಉಳಿಯುತ್ತದೆ ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಇದೇ ಕುಲ ನೀರನ್ನು ಪೂರ್ತಿ ತಡೆಯುವುದೂ ಉಂಟು. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಹೊಳೆ ದಾಟಿ ಆನೆಗೊಂದಿಗೆ ಹೋಗುವ ದುಂಡು ಹರಿಗೋಲುಗಳ ಮೇಲೆ ತೊಗಲು ಹೊದಿಸಿದ್ದನ್ನು ಕಂಡಿದ್ದ. ತೊಗಲೂ ಕೊಲಾಜೆನ್ನೇ. ಅಲ್ಲಿ ಹೊಳೆಯನ್ನು ಹೊರಗೆ ತಡೆದ ಕುಲವೇ ಇಲ್ಲಿ ನೀರನ್ನು ಬಿಟ್ಟು ರಕ್ತಕಣವನ್ನು ಹಿಡಿಯುತ್ತದೆ.

ಮಾವನಿಗೆ ಶುಗರ್ ಬಂದು ಬಹಳ ವರ್ಷ. ಶುಗರಿನಲ್ಲಿ ಕಿಡ್ನಿಯ ಆ ಬಲೆ ದಪ್ಪವಾಗಬಹುದು, ಕೊನೆಗೆ ಸೋಸುವುದೇ ನಿಲ್ಲಬಹುದು. ಈಗ ವಾರಕ್ಕೆ ಮೂರು ಸಲ ಹೊಸಪೇಟೆಗೆ ಡಯಾಲಿಸಿಸ್‌ಗೆ ಬರುತ್ತಾನೆ, ಒಂದೊಂದು ಸಲ ನಾಲ್ಕು ಗಂಟೆ. ಪಕ್ಕದಲ್ಲಿ ಕೂತು ಇದನ್ನೆಲ್ಲ ಹೇಳಿದೆ. ಸೂಜಿ ಇಲ್ಲದ ಕೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಉಜ್ಜತೊಡಗಿತು, ನಾರು ಹೊಸೆಯುವಾಗಿನ ಹಾಗೆ.

‘ಎಳಿ ಎಡಕ್ಕ ಅಂದ್ರ ಹುರಿ ಬಲಕ್ಕ ಅಲ್ಲೇನು?’ ಎಂದು ಕೇಳಿದ.

‘ಹೌದು ಮಾವ.’

‘ಮತ್ತ, ನನಗ ಮೊದ್ಲೇ ಗೊತ್ತಿತ್ತಲ್ಲೋ ತಮ್ಮಾ’ ಎಂದು ಕಣ್ಣು ಮುಚ್ಚಿಕೊಂಡ. ಬೆರಳು ಆಡುತ್ತಲೇ ಇತ್ತು.