ಇಲ್ಲದ ಕೈಯ ನೋವು

ಅಂಗವೊಂದು ಹೋದರೆ ಅದರ ನೋವೂ ಅದರೊಡನೆಯೇ ಹೋಗಬೇಕೆಂಬುದು ಲೋಕದ ಎಣಿಕೆ. ಅನುಭವವಾದರೋ ಬೇರೊಂದನ್ನು ಸಾರುತ್ತದೆ. ಸೋಸಲೆಯ ಬಯಲಿನಲ್ಲಿ ಕಬ್ಬು ಬೆಳೆಯುವ ಬೇಸಾಯಗಾರನೊಬ್ಬನ ಬಲಗೈ ಆಲೆಮನೆಯ ಗಾಣಕ್ಕೆ ಸಿಕ್ಕಿ, ವೈದ್ಯರು ಅದನ್ನು ಕತ್ತರಿಸಬೇಕಾಯಿತೆಂದು ಭಾವಿಸಬಹುದು. ಗಾಯವು ಮಾಯುತ್ತದೆ. ಆದರೆ ಇಲ್ಲದ ಮುಷ್ಟಿಯು ಬಿಗಿಯುತ್ತದೆ. ಇಲ್ಲದ ಉಗುರುಗಳು ಇಲ್ಲದ ಅಂಗೈಯನ್ನು ಚುಚ್ಚುತ್ತವೆ. "ಇಲ್ಲದ ಕೈ ನೋಯುವುದುಂಟೆ? ಎಲ್ಲವೂ ನಿನ್ನ ಭ್ರಮೆ" ಎಂದು ಮನೆಯವರು ಹೇಳಿದಂದಿನಿಂದ ಅವನು ನೋವನ್ನು ಹೇಳುವುದನ್ನು ಬಿಡುತ್ತಾನೆ, ನೋವು ಅವನನ್ನು ಬಿಡುವುದಿಲ್ಲ.

ಇದು ಭ್ರಮೆಯಲ್ಲ. 16ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ ಇದನ್ನು ಗುರುತಿಸಿದ್ದನು. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಮಾಡಿದ ವೀಯರ್ ಮಿಚೆಲ್ 1871ರಲ್ಲಿ ಇದನ್ನು ಕುರಿತು ಬರೆದನು. ಕೈ ಹೋದರೂ ಮಿದುಳಿನಲ್ಲಿ ಅದಕ್ಕಿದ್ದ ಎಡೆ ಅಳಿಯುವುದಿಲ್ಲ. ತುಂಡಾದ ನರಗಳೂ ಸುಮ್ಮನಿರುವುದಿಲ್ಲ. 1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ಅವರು ಉಳಿದ ಕೈಯ ಬಿಂಬವನ್ನು ಕನ್ನಡಿಯಲ್ಲಿ ತೋರಿಸಿ, ಬಿಗಿದ ಮುಷ್ಟಿ ಸಡಿಲುವಂತೆ ಮಾಡುವ ಉಪಾಯವನ್ನು ಕಂಡುಹಿಡಿದರು. ಅದು ಕೆಲವರಿಗೆ ಫಲಿಸಿತು, ಎಲ್ಲರಿಗೂ ಅಲ್ಲ.

ಹಾಗಾದರೆ ಕಣ್ಣಿಗೆ ಕಾಣದ ನೋವನ್ನು ನಂಬುವುದು ಧರ್ಮವೆ? ಶರಣರು ಅನುಭವವನ್ನೇ ಪ್ರಮಾಣವೆಂದು ಎಣಿಸಿದರು. ಒಬ್ಬನ ಅನುಭವವನ್ನು ಮತ್ತೊಬ್ಬನು ತೂಗಲಾರ, ಕೇಳಬಲ್ಲ. ಕಲ್ಯಾಣದ ಅನುಭವ ಮಂಟಪದಲ್ಲಿ ಹೇಳುವವರಷ್ಟೇ ಕೇಳುವವರೂ ಮುಖ್ಯರಾಗಿದ್ದರು. ಆ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬನು. ಚಿಕಿತ್ಸೆಯೇ ಅವನ ಕಾಯಕವಾಗಿದ್ದಿತು. ಕಾಯಕವೆಂದ ಮೇಲೆ ಅದರಲ್ಲಿ ಔಷಧದೊಡನೆ ಅಂತಃಕರಣವೂ ಸೇರಿರಬೇಕಷ್ಟೆ. ವೈದ್ಯನು "ನಿನ್ನ ನೋವು ನಿಜ" ಎಂದಾಗ ರೋಗಿಯ ಅಂಜಿಕೆ ಇಳಿಯುತ್ತದೆ. ಅಂಜಿಕೆ ಇಳಿದರೆ ನೋವನ್ನು ತಾಳುವ ಶಕ್ತಿಯೂ ಏರುತ್ತದೆ.

ಆದರೆ ನಂಬಿಕೆಯ ಹೆಸರಿನಲ್ಲಿ ಸುಳ್ಳಾಡುವುದು ಸಲ್ಲದು. ಖಂಡಿತವಾಗಿ ವಾಸಿಮಾಡುವೆನೆಂದು ಆಣೆಯಿಡುವ ವೈದ್ಯನು, ಗುಣವಾಗದಿದ್ದಾಗ ರೋಗಿಯ ನಂಬಿಕೆಯನ್ನೇ ಕೊಲ್ಲುತ್ತಾನೆ. "ತಿಳಿದಷ್ಟನ್ನು ಮಾಡುವೆನು, ನಿನ್ನನ್ನು ಕೈಬಿಡೆನು" ಎಂಬ ನುಡಿ ಸಾಕು. ನುಡಿದಂತೆ ನಡೆಯುವುದೇ ಅಲ್ಲಿ ಅರ್ಧ ಮದ್ದು.

ಈ ಧರ್ಮವು ವೈದ್ಯನೊಬ್ಬನದೇ ಅಲ್ಲ. ಕಪಿಲೆಯ ದಡದ ನಂಜನಗೂಡಿನಲ್ಲಿ ಶಿವನನ್ನು ಹಕೀಂ ನಂಜುಂಡನೆಂದು ಕರೆಯುವ ಜನರು, ಮನೆಯ ಮೂಲೆಯಲ್ಲಿ ಮೌನವಾಗಿ ನರಳುವವನ ಮಾತಿಗೆ ಕಿವಿಗೊಡದಿದ್ದರೆ ಆ ಹೆಸರಿಗೆ ಅರ್ಥವೇನು? ಭ್ರಮೆಯೆನ್ನುವ ಮೊದಲು ಸದ್ಭಕ್ತನು ಅವನ ಬಳಿ ಕುಳಿತು ಕೇಳಲಿ. ದಯೆಯ ಮೊದಲ ಹೆಜ್ಜೆ ಅದು.