ಒಳಗಿನ ಚಿಲಕ

ಹೆನ್ರಿ ಡೇವಿಡ್ ಥೋರೋ ‘ವಾಲ್ಡನ್’ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಪೆಟ್ಟಿಗೆಯ ಮಾತೆತ್ತುತ್ತಾನೆ. ರೈಲುಹಳಿಯ ಪಕ್ಕದಲ್ಲಿ ಕೂಲಿಯವರು ರಾತ್ರಿ ಹೊತ್ತು ಸಲಕರಣೆಗಳನ್ನಿಟ್ಟು ಬೀಗ ಹಾಕುತ್ತಿದ್ದ, ಆರಡಿ ಉದ್ದ ಮೂರಡಿ ಅಗಲದ ಪೆಟ್ಟಿಗೆ. ಇಂಥದೊಂದನ್ನು ಒಂದು ಡಾಲರಿಗೆ ಕೊಂಡು, ಗಾಳಿಯಾಡಲು ಬೈರಿಗೆಯಿಂದ ಕೆಲವು ತೂತು ಕೊರೆದು, ಮಳೆ ಬಂದಾಗ, ಕತ್ತಲಾದಾಗ ಒಳಗೆ ಸೇರಿ ಮುಚ್ಚಳದ ಕೊಂಡಿ ಹಾಕಿಕೊಂಡುಬಿಟ್ಟರೆ ಬಾಡಿಗೆ ಕೇಳುವವನ ಕಾಟವಿಲ್ಲದೆ ಬದುಕಬಹುದಲ್ಲ ಎಂಬುದು ಅವನ ಲೆಕ್ಕ. ಪುಸ್ತಕ ಬಂದದ್ದು 1854ರಲ್ಲಿ. ಓದುವವರಿಗೆ ಇದು ತಮಾಷೆ ಅನಿಸುತ್ತದೆ ಅಂತ ಅವನಿಗೂ ಗೊತ್ತಿತ್ತು. ತಾನು ತಮಾಷೆ ಮಾಡುತ್ತಿಲ್ಲ ಅಂತ ಅಲ್ಲೇ ಹೇಳಿಬಿಡುತ್ತಾನೆ.

ಆ ಪೆಟ್ಟಿಗೆ ಈಗ ಅಮೆರಿಕದಲ್ಲಿ ಚಕ್ರ ಹಾಕಿಸಿಕೊಂಡು ಓಡಾಡುತ್ತಿದೆ. ಹುಲ್ಲು ಕತ್ತರಿಸುವ ಯಂತ್ರ, ಬಡಗಿಯ ಸಾಮಾನು, ಮೋಟಾರ್‌ಸೈಕಲ್ಲು, ಬ್ಯಾಂಡಿನವರ ಡ್ರಮ್ಮು ಇಂಥವನ್ನು ಸಾಗಿಸಲು ಪಿಕಪ್ಪಿನ ಹಿಂದೆ ಸಿಕ್ಕಿಸುವ ಮುಚ್ಚಿದ ಡಬ್ಬಿ. ಕಾರ್ಗೋ ಟ್ರೇಲರ್ ಅಂತ ಕರೆಯುತ್ತಾರೆ. ಆರಡಿ ಅಗಲ ಹನ್ನೆರಡಡಿ ಉದ್ದದ್ದು ಹೆಚ್ಚು ಚಾಲ್ತಿ. ಉಕ್ಕಿನ ಪಕ್ಕೆಲುಬುಗಳು, ಅವುಗಳ ಮೇಲೆ ತೆಳು ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್ಡಿನ ಗೋಡೆ, ಪ್ಲೈವುಡ್ಡಿನ ನೆಲ, ಅಡಿಯಲ್ಲಿ 3,500 ಪೌಂಡ್ ತಡೆಯುವ ಒಂದು ಆ್ಯಕ್ಸಲ್. ಆ್ಯಕ್ಸಲ್ ಅಷ್ಟು ಹೊತ್ತರೂ ಕಾಗದಪತ್ರದಲ್ಲಿ ಎಷ್ಟೋ ಸಲ 2,990 ಪೌಂಡ್ ಎಂದೇ ಇರುತ್ತದೆ. ಅನೇಕ ರಾಜ್ಯಗಳಲ್ಲಿ 3,000 ದಾಟಿದರೆ ಟ್ರೇಲರಿಗೆ ಅದರದೇ ಬ್ರೇಕ್ ಬೇಕು, ಅದಕ್ಕೆ. ಈ ಹತ್ತು ಪೌಂಡಿನ ಜಾಣತನ ನಮ್ಮೂರಿನ ವ್ಯಾಪಾರಿಗೂ ತಕ್ಷಣ ಅರ್ಥವಾದೀತು.

ಇದನ್ನು ಮಲಗುವ ಮನೆ ಮಾಡಿಕೊಳ್ಳುವವರು ಊರೂರಿಗೂ ಇದ್ದಾರೆ. ಇಂಡಿಯಾನಾದ ಎಲ್ಕಾರ್ಟ್ ಸುತ್ತಿನ ಕಾರ್ಖಾನೆಗಳಿಂದ ಬರುವ ಸಿದ್ಧ ಕ್ಯಾಂಪರುಗಳ ಬೆಲೆ ಕೇಳಿ ಹಿಂದೆ ಸರಿದವರು ಕೆಲವರು. ಅಗ್ಗದ ಕ್ಯಾಂಪರಿನ ಮರದ ಚೌಕಟ್ಟು ಮೂಲೆಯಲ್ಲಿ ನೀರು ಕುಡಿದು ಕೊಳೆತದ್ದನ್ನು ಕಣ್ಣಾರೆ ಕಂಡವರು ಕೆಲವರು. ಕೈಗೆ ಕೆಲಸ ಬೇಕು ಅಂತ ತಂದವರೂ ಉಂಟು. ನಾನು, ನನ್ನ ಹೆಂಡತಿ ಈ ಮೂರನೆಯ ಗುಂಪಿನವರು. ಆಸ್ಟಿನ್ ನಗರದ ಹೊರವಲಯದಲ್ಲಿ ಹುಲ್ಲು ಕತ್ತರಿಸುವ ಕಸುಬಿನವನೊಬ್ಬನಿಂದ ಹಳೆಯದೊಂದನ್ನು ಕೊಂಡೆವು. ಕತ್ತರಿಸಿದ ಹುಲ್ಲು, ಪೆಟ್ರೋಲು ಎರಡರ ವಾಸನೆಯೂ ನೆಲದ ಪ್ಲೈವುಡ್ಡಿಗೆ ಇಳಿದಿತ್ತು. ಟೆಕ್ಸಾಸಿನ ಆಗಸ್ಟ್ ಬಿಸಿಲಿಗೆ ಅದು ಈಗಲೂ ಏಳುತ್ತದೆ.

ಹಾಸಿಗೆ, ಬ್ಯಾಟರಿ, ಚಾವಣಿಯ ಮೇಲಿನ ಸೋಲಾರ್ ಫಲಕ, ಮಡಚುವ ಒಲೆಕಟ್ಟೆ ಇವುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ದುಡ್ಡೂ ಭಾನುವಾರಗಳೂ ಇದ್ದರೆ ಯಾರು ಬೇಕಾದರೂ ಮಾಡಬಹುದು. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಕ್ಕೆಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು, ಇಲ್ಲದಿದ್ದರೆ ವೇಗ ಹೆಚ್ಚಿದಾಗ ಟ್ರೇಲರು ಅತ್ತಿತ್ತ ಹೊಯ್ದಾಡಿ ಗಾಡಿಯನ್ನೇ ರಸ್ತೆಯಿಂದ ಎಳೆದುಹಾಕುತ್ತದೆ. ಇಷ್ಟು ಎಚ್ಚರ ಸಾಕು. ನನ್ನ ತಲೆ ತಿಂದದ್ದು ನೀರು.

ಒಂದು ಜನವರಿಯಲ್ಲಿ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ರಿಯೊ ಗ್ರಾಂಡ್ ನದಿಯ ಆಚೆ ದಡ ಮೆಕ್ಸಿಕೊ. ಮರುಭೂಮಿ, ಹಗಲು ಒಂದು ಅಂಗಿ ಸಾಕು, ರಾತ್ರಿ ಬಕೆಟ್ಟಿನ ನೀರು ಹೆಪ್ಪುಗಟ್ಟುತ್ತದೆ. ಬೆಳಗಿನ ಜಾವ ಟಾರ್ಚ್ ಹಾಕಿದರೆ ಗೋಡೆಯ ಮೇಲೆ ಹನಿಗಳು. ಕಂಡಕಂಡಲ್ಲಿ ಅಲ್ಲ. ಹದಿನಾರು ಇಂಚಿಗೊಂದು ಸಾಲು, ಮೇಲಿನಿಂದ ಕೆಳಕ್ಕೆ ನೆಟ್ಟಗೆ, ಪ್ರತಿ ಸ್ಕ್ರೂವಿನ ತಲೆಯ ಮೇಲೂ ಒಂದೊಂದು ಹನಿ. ಪಕ್ಕೆಲುಬುಗಳ ನಡುವೆ ಫೋಮ್ ಶೀಟು ತುಂಬಿದ್ದೆವು, ನಿಜ. ಆದರೆ ಸ್ಕ್ರೂ ಕಚ್ಚಿಕೊಂಡಿದ್ದು ಉಕ್ಕಿನ ಪಕ್ಕೆಲುಬನ್ನು, ಪಕ್ಕೆಲುಬು ಅಂಟಿಕೊಂಡಿದ್ದು ಹೊರಗಿನ ತಗಡಿಗೆ. ಹೊರಗಿನ ಚಳಿ ಒಂದೊಂದು ಸ್ಕ್ರೂ ಹಿಡಿದು ಒಳಗೆ ಬಂದು ಕೂತಿತ್ತು.

ಚಳಿ ಹೊರಗಿನದು, ನೀರು ಮಾತ್ರ ನಮ್ಮದೇ. ನಿದ್ದೆಯಲ್ಲಿ ಇಬ್ಬರು ಉಸಿರಿನಲ್ಲೂ ಬೆವರಿನಲ್ಲೂ ಬಿಡುವ ನೀರು ರಾತ್ರಿಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲ. ಅದರ ಮೇಲೆ ಗ್ಯಾಸ್ ಹೀಟರು. ಒಂದು ಕಿಲೊ ಪ್ರೊಪೇನ್ ಉರಿದರೆ ಒಂದೂವರೆ ಕಿಲೊಗೂ ಹೆಚ್ಚು ನೀರು ಆವಿಯಾಗಿ ಹೊರಬೀಳುತ್ತದೆ. ಕಾಲೇಜಿನಲ್ಲಿ ಈ ಸಮೀಕರಣವನ್ನು ಸರಿದೂಗಿಸಿ ಅಂಕ ತೆಗೆದುಕೊಂಡವನು ನಾನು. ಆ ನೀರು ಒಂದು ದಿನ ನನ್ನ ರಗ್ಗಿನ ಮೇಲೆ ತೊಟ್ಟಿಕ್ಕೀತು ಅಂತ ಆಗ ಯಾರು ಎಣಿಸಿದ್ದರು?

ಟ್ರೇಲರು ಕಟ್ಟಿದವರದ್ದು ಏನೂ ತಪ್ಪಿಲ್ಲ. ಸಾಮಾನು ಉಸಿರಾಡುವುದಿಲ್ಲ. ಹುಲ್ಲಿನ ಯಂತ್ರಕ್ಕೆ ಬೇಕಾದ್ದು ಇಷ್ಟೆ: ಮಳೆ ಒಳಗೆ ಬರಬಾರದು, ಕಳ್ಳ ಒಳಗೆ ಬರಬಾರದು. ಒಳಗಿನಿಂದ ಹೊರಗೆ ಹೋಗಲೇಬೇಕಾದ್ದು ಅದಕ್ಕೆ ಏನೂ ಇಲ್ಲ. ಮನುಷ್ಯ ಕಾಲಿಟ್ಟ ಕೂಡಲೇ ಹೊರಗೆ ಹೋಗಬೇಕಾದ್ದೇ ಹೆಚ್ಚು: ಉಸಿರು, ಬೆವರು, ಒಗ್ಗರಣೆಯ ಹೊಗೆ, ಹೀಟರಿನ ಅನಿಲ, ಗಂಡಹೆಂಡಿರ ಸಿಟ್ಟು. ಒಳಗೆ ಏನೇನು ತುಂಬಬೇಕು ಅಂತ ನಾವು ಅಲ್ಲಿಯವರೆಗೆ ಪಟ್ಟಿ ಮಾಡುತ್ತ ಕೂತಿದ್ದೆವು. ಏನೇನು ಬಿಟ್ಟುಕೊಡಬೇಕು ಅಂತ ಯೋಚಿಸುವ ಸರದಿ ಆಮೇಲೆ ಬಂತು.

ಹಾಗಾಗಿ ಚಾವಣಿಗೆ ತೂತು. ಹದಿನಾಲ್ಕು ಇಂಚು ಚೌಕ. ಕ್ಯಾಂಪರಿನ ಫ್ಯಾನುಗಳಿಗೆ ಇಲ್ಲಿ ಸಾಮಾನ್ಯವಾಗಿ ಅದೇ ಅಳತೆ. ತಗಡಿನ ಮೇಲೆ ಟೇಪು ಅಂಟಿಸಿ, ಗೆರೆ ಎಳೆದು, ನಾಲ್ಕು ಮೂಲೆಗೆ ನಾಲ್ಕು ತೂತು ಕೊರೆದು, ಜಿಗ್‌ಸಾ ಇಳಿಸಬೇಕು. ಒಂದು ಹನಿಯೂ ಸೋರದ ಗಟ್ಟಿ ಚಾವಣಿಯನ್ನು ದುಡ್ಡು ಕೊಟ್ಟು ತಂದು ನಾವೇ ಕೊಯ್ಯುವಾಗ ಕೈ ಹಿಂಜರಿಯುತ್ತದೆ. ಕೊಯ್ದ ಅಂಚಿಗೆ ಬ್ಯೂಟೈಲ್ ಟೇಪು, ಚೌಕಟ್ಟು, ಸ್ಕ್ರೂ, ಅದರ ಮೇಲೆ ಸೀಲಂಟು. ಗೋಡೆಗೆ ಕಿಟಕಿ ಬೇಡ, ಹೊರಗಿನಿಂದ ಸಾಮಾನಿನ ಡಬ್ಬಿಯಂತೆ ಕಂಡರೆ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು ಎಂಬುದು ನನ್ನ ವಾದವಾಗಿತ್ತು. ಈ ಹವ್ಯಾಸದಲ್ಲಿ ಬಹಳ ಮಂದಿಯ ವಾದವೂ ಅದೇ. ಹೆಂಡತಿ ಹುಬ್ಬಳ್ಳಿಯವಳು. “ಕಿಟಕಿ ಇಲ್ದಲ್ಲಿ ನಾ ಮಲಗಂಗಿಲ್ಲ” ಅಂದಳು. ಅಲ್ಲಿಗೆ ವಾದ ಮುಗಿಯಿತು.

ಆ ವರ್ಷ ಮಾವನವರು ಬಂದಿದ್ದರು. ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿ ನಿವೃತ್ತರಾದವರು. (2022ರಿಂದ ಗಾರ್ಡುಗಳಿಗೆ ‘ಟ್ರೈನ್ ಮ್ಯಾನೇಜರ್’ ಎಂದು ಹೆಸರಾಗಿದೆ, ಮಾವ ಅದನ್ನು ಕೇಳಿದರೆ ಈಗಲೂ ನಗುತ್ತಾರೆ.) ಹೊಸಪೇಟೆಯ ಅದಿರಿನ ಗಾಡಿಗಳ ಬಾಲದಲ್ಲಿ, ಬ್ರೇಕ್ ವ್ಯಾನಿನಲ್ಲಿ ಒಬ್ಬರೇ ಕೂತು ಸರ್ವಿಸು ಮುಗಿಸಿದವರಿಗೆ ವ್ಯಾಗನ್ನುಗಳ ಜಾತಿ, ಜಾತಕ ಎರಡೂ ಗೊತ್ತು. ಟ್ರೇಲರಿಗೆ ಒಂದು ಸುತ್ತು ಬಂದು, ಚಕ್ರದ ಗುಂಬ ಮುಟ್ಟಿ ಬಿಸಿ ನೋಡಿ, ಒಳಗೆ ಹತ್ತಿದರು. ನಾವು ಅಷ್ಟು ಮುತುವರ್ಜಿಯಿಂದ ಹಾಕಿದ ದೀಪ, ಕಪಾಟು ಯಾವುದರ ಮೇಲೂ ಕಣ್ಣು ಹಾಯಿಸಲಿಲ್ಲ. ಬಾಗಿಲನ್ನು ಎಳೆದುಕೊಂಡು ಅದರ ಒಳಮೈ ಸವರಿದರು.

“ಒಳಗ ಚಿಲಕನ ಇಲ್ಲಲ್ರೀ.”

“ಹೊರಗೆ ಇದೆಯಲ್ಲ ಮಾವ. ಬೀಗಾನೂ ಹಾಕಬಹುದು.”

“ಅದು ಸಾಮಾನಿಗೆ ಆತು. ನಿಮಗ?”

ಕಾರ್ಗೋ ಟ್ರೇಲರಿನ ಪಕ್ಕದ ಬಾಗಿಲಿಗೆ ಹೊರಗಡೆ ಒಂದು ಉಕ್ಕಿನ ಸರಳು ಇರುತ್ತದೆ. ಹಿಡಿಕೆ ತಿರುಗಿಸಿದರೆ ಸರಳಿನ ತುದಿಗಳು ಚೌಕಟ್ಟಿನ ಕೊಕ್ಕೆಗೆ ಕಚ್ಚಿಕೊಳ್ಳುತ್ತವೆ, ಹಿಡಿಕೆಗೆ ಬೀಗದ ಕಣ್ಣು. ಕಳ್ಳನಿಗೆ ಅದು ಒಳ್ಳೆಯ ಉತ್ತರ. ಒಳಗೆ ಮಲಗಿದವರ ಪಾಲಿಗೆ ಹೇಳುವುದಾದರೆ, ದಾರಿಯಲ್ಲಿ ಹೋಗುವ ಯಾವ ಪೋಕರಿ ಹುಡುಗನಾದರೂ ಆ ಹಿಡಿಕೆ ತಿರುಗಿಸಿ ನಡೆದುಬಿಡಬಹುದು. ಒಲೆಯಿಂದ ಪರದೆಗೆ ಬೆಂಕಿ ಹತ್ತಿದರೆ ಮುಂದೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮರುದಿನವೇ ಸರಳು ಬಿಚ್ಚಿ, ಒಳಗಿನಿಂದ ತೆರೆಯುವ ಹಿಡಿಕೆಯ ಬೀಗವನ್ನು, ಜೊತೆಗೊಂದು ಚಿಲಕವನ್ನು ಕೂರಿಸಿದೆವು.

ಸ್ಕ್ರೂ ಬಿಗಿಯುತ್ತಿದ್ದಾಗ ಮಾವ, ರೈಲು ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಿ ಹಳಬರ ಬಾಯಲ್ಲಿ ಕೇಳಿದ ಒಂದು ಸಂಗತಿ ಹೇಳಿದರು. 1921ರ ನವೆಂಬರ್ 19. ಮಲಬಾರಿನ ಮಾಪಿಳ್ಳೆ ದಂಗೆಯ ಸುಮಾರು ನೂರು ಕೈದಿಗಳನ್ನು ಬ್ರಿಟಿಷರು ತಿರೂರಿನಲ್ಲಿ ಒಂದು ಮುಚ್ಚಿದ ಗೂಡ್ಸ್ ವ್ಯಾಗನ್ನಿಗೆ ತುಂಬಿ ಬಳ್ಳಾರಿ ಜೈಲಿಗೆ ಹೊರಡಿಸಿದರು. ಒಳಗಿನವರು ನೀರಿಗೆ, ಗಾಳಿಗೆ ಕೂಗಿಕೊಂಡರು. ದಾರಿಯಲ್ಲಿ ಗಾಡಿ ನಿಂತರೂ ಬಾಗಿಲು ತೆರೆಯಲಿಲ್ಲ. ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ ತೆರೆದಾಗ ಒಳಗೆ ಹೆಣಗಳ ರಾಶಿ. ಕೊನೆಗೆ ಸತ್ತವರು ಸುಮಾರು 70. ವ್ಯಾಗನ್ನಿಗೆ ಗಾಳಿಕಿಂಡಿ ಇರಲಿಲ್ಲ ಅಂತಲ್ಲ. ಕಿಂಡಿಗೆ ಹೊಡೆದಿದ್ದ ಸಣ್ಣ ಜಾಲರಿ ಬಣ್ಣ, ದೂಳು ಮೆತ್ತಿಕೊಂಡು ಮುಚ್ಚಿಹೋಗಿತ್ತು ಎಂಬುದು ಆಮೇಲೆ ನಡೆದ ತನಿಖೆಯಲ್ಲಿ ಹೊರಬಂತು. ಮಾವ ಇದನ್ನು ದುಃಖದಿಂದಲೂ ಹೇಳಲಿಲ್ಲ, ಕೋಪದಿಂದಲೂ ಹೇಳಲಿಲ್ಲ. ಡ್ಯೂಟಿಯ ಪಾಠ ಒಪ್ಪಿಸುವವರ ಹಾಗೆ ಹೇಳಿದರು.

ಟೆಕ್ಸಾಸಿನಲ್ಲಿ ಬದುಕುವವನಿಗೆ ಇದು ನೂರು ವರ್ಷದ ಹಿಂದಿನ ಮಾತಾಗಿ ಉಳಿಯುವುದಿಲ್ಲ. 2022ರ ಜೂನ್ 27ರಂದು ಸ್ಯಾನ್ ಆ್ಯಂಟೋನಿಯೊ ಊರಂಚಿನ ರಸ್ತೆಯೊಂದರಲ್ಲಿ ಒಂದು ದೊಡ್ಡ ಟ್ರಕ್ಕಿನ ಟ್ರೇಲರು ನಿಂತಿತ್ತು. ಗಡಿ ದಾಟಿಸಿ ತಂದ ವಲಸಿಗರು ಅದರೊಳಗಿದ್ದರು. ಬೇಸಿಗೆಯ ಬಿಸಿಲು, ಟ್ರೇಲರಿನ ತಂಪುಯಂತ್ರ ಕೆಲಸ ಮಾಡುತ್ತಿರಲಿಲ್ಲ. 53 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಅವರು ಬಂದ 35ನೇ ಅಂತರರಾಜ್ಯ ಹೆದ್ದಾರಿಯಲ್ಲೇ ನಾವು ರಜೆಯಲ್ಲಿ ನಮ್ಮ ಡಬ್ಬಿ ಎಳೆದುಕೊಂಡು ಹೋಗುವುದು.

ಬಿಗ್ ಬೆಂಡಿನಿಂದ ಉತ್ತರಕ್ಕೆ ಮರಳುವ ದಾರಿಯಲ್ಲಿ ಗಡಿ ಪೊಲೀಸರ ತನಿಖಾ ಠಾಣೆ ಇದೆ. ಬಿಳಿಯ ಕಾರ್ಗೋ ಟ್ರೇಲರು ಕಂಡರೆ ಅವರಿಗೆ ಅನುಮಾನ ಬರುವುದು ಸಹಜ, ಎಳೆಯುವವನ ಮೈಬಣ್ಣ ನನ್ನದಾದರೆ ಇನ್ನೂ ಸಹಜ. ಒಬ್ಬ ಅಧಿಕಾರಿ ಟ್ರೇಲರಿನ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಯಾರಿದ್ದಾರೆ ಅಂತ ಕೇಳಿದ. ಯಾರೂ ಇಲ್ಲ ಅಂದೆ. ಚಲಿಸುವ ಟ್ರೇಲರಿನಲ್ಲಿ ಜನರನ್ನು ಕೂರಿಸಲು ಇಲ್ಲಿ ಕಾನೂನು ಬಿಡುವುದಿಲ್ಲ. ಬಾಗಿಲು ತೆಗೆಸಿ ಟಾರ್ಚ್ ಬಿಟ್ಟ: ಹಾಸಿಗೆ, ಪ್ರೆಷರ್ ಕುಕ್ಕರು, ಒಣಗಲು ಹಾಕಿದ ಟವೆಲ್ಲು. ಅವನು ನಕ್ಕ, ನಾನೂ ನಕ್ಕೆ, ಶುಭಪ್ರಯಾಣ ಹೇಳಿ ಕಳಿಸಿದ. ಆ ನಗು ನನಗೆ ಯಾಕೆ ಸಿಕ್ಕಿತು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ನನ್ನ ಹತ್ತಿರ ಕಾಗದಪತ್ರವಿತ್ತು. ಆಸ್ಟಿನ್‌ನಲ್ಲಿ ಇನ್ನೊಂದು ಮನೆಯಿತ್ತು. ಬೇಡವೆನಿಸಿದ ದಿನ ಡಬ್ಬಿಯಿಂದ ಇಳಿದುಬಿಡಬಹುದಿತ್ತು.

ಸರಳ ಬದುಕಿನ ಮಾತಾಡುವವರು ಮುಚ್ಚಿಡುವುದು ಇಳಿದುಬಿಡುವ ಈ ಅನುಕೂಲವನ್ನೇ ಅಂತ ನನಗೆ ಅನಿಸತೊಡಗಿದೆ. ಥೋರೋ ವಾಲ್ಡನ್ ಕೊಳದ ದಂಡೆಯ ತನ್ನ ಗುಡಿಸಲಿಗೆ ಆದ ಖರ್ಚನ್ನು 28 ಡಾಲರ್ 12½ ಸೆಂಟು ಅಂತ ಲೆಕ್ಕ ಕೊಡುತ್ತಾನೆ. ಅದರ ಹಲಗೆಗಳು ಎಲ್ಲಿಂದ ಬಂದವು? ರೈಲುಹಳಿಯಲ್ಲಿ ದುಡಿಯುತ್ತಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು ಕಿತ್ತು ತಂದದ್ದು. ಮರುದಿನ ಬೆಳಿಗ್ಗೆ ಐದಕ್ಕೆ ಖಾಲಿ ಮಾಡಬೇಕೆಂಬ ಕರಾರು. ಆರು ಗಂಟೆಗೆ ಕಾಲಿನ್ಸನ ಸಂಸಾರ ಅವನಿಗೆ ದಾರಿಯಲ್ಲಿ ಎದುರಾಗುತ್ತದೆ: ಒಂದೇ ದೊಡ್ಡ ಗಂಟು, ಹಾಸಿಗೆ, ಕಾಫಿ ಬೀಸುವ ಯಂತ್ರ, ಕನ್ನಡಿ, ಕೋಳಿಗಳು. ಸಾಕಿದ ಬೆಕ್ಕೊಂದು ಹಿಂದೆ ಉಳಿದು ಕಾಡು ಸೇರಿತು ಅಂತಲೂ ಬರೆಯುತ್ತಾನೆ. ಜನ ಎಲ್ಲಿಗೆ ಹೋದರು ಅಂತ ಬರೆಯುವುದಿಲ್ಲ. ಒಬ್ಬನ ಪ್ರಯೋಗಕ್ಕೆ ಇನ್ನೊಬ್ಬನ ಮನೆಯ ಹಲಗೆ. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಬರೆದ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕದ ಮುದುಕ ಮುದುಕಿಯರೂ ವ್ಯಾನು, ಟ್ರೇಲರುಗಳಲ್ಲೇ ಬದುಕುವವರು. 2008ರ ಆರ್ಥಿಕ ಕುಸಿತದ ಏಟು ತಿಂದು ರಸ್ತೆಗೆ ಬಂದವರು ಅವರಲ್ಲಿ ಅನೇಕರು; ಹಬ್ಬದ ಸೀಸನ್ನಿನಲ್ಲಿ ಗೋದಾಮುಗಳಲ್ಲಿ ದುಡಿದು ಚಳಿಗಾಲಕ್ಕೆ ಅರಿಜೋನಾದ ಮರುಭೂಮಿಗೆ ಇಳಿಯುತ್ತಾರೆ. ಅವರ ಡಬ್ಬಿಯಲ್ಲೂ ಹಾಸಿಗೆ, ಒಲೆ, ಫ್ಯಾನು ಎಲ್ಲ ಇರುತ್ತದೆ. ನಮ್ಮದಕ್ಕಿಂತ ಅಚ್ಚುಕಟ್ಟಾಗಿಯೂ ಇದ್ದೀತು.

ಹಾಗಾದರೆ ಡಬ್ಬಿ ಮನೆಯಾಗುವುದು ಯಾವುದರಿಂದ? ನನ್ನ ಮಟ್ಟಿಗೆ ಉತ್ತರ ಮಾವ ಸವರಿ ನೋಡಿದ ಜಾಗದಲ್ಲೇ ಇದೆ. ಒಳಗಿದ್ದವನು ತಾನಾಗಿ ಬಾಗಿಲು ಹಾಕಿಕೊಳ್ಳಲು, ತಾನಾಗಿ ತೆರೆದು ಹೊರಬರಲು ಆಗಬೇಕು. ಅದೊಂದು ಇದ್ದರೆ ಆರಡಿ ಮೂರಡಿಯ ಪೆಟ್ಟಿಗೆಯೂ ನಡೆದೀತು. ಇಲ್ಲದಿದ್ದರೆ ಒಳಗೆ ಎಷ್ಟೇ ಮೆತ್ತನೆಯ ಹಾಸಿಗೆಯಿದ್ದರೂ ಅಲ್ಲಿ ಮಲಗಿದವನು ಸಾಮಾನು.

ಅಮೆರಿಕದ ಕನ್ನಡಿಗರಲ್ಲಿ ಇಂಥ ಟ್ರೇಲರು ಕೊಳ್ಳುವ ಯೋಚನೆ ಇರುವವರಿಗೆ ಒಂದು ಮಾತು: ಸೋಲಾರು, ಫ್ರಿಜ್ಜು ಆಮೇಲೆ ಆಗಲಿ. ಮೊದಲು ಹೊರಗಿನ ಸರಳು ಬಿಚ್ಚಿ, ಚಾವಣಿಗೆ ಫ್ಯಾನು ಹಾಕಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ದಿಂಬಿನ ಎತ್ತರಕ್ಕೆ ಕೂರಿಸಿ. ಊರಿನಲ್ಲಿ ಸೈಟಿನ ಮೇಲೆ ಮನೆ ಕಟ್ಟಿಸುತ್ತಿರುವವರಿಗೆ ಇನ್ನೊಂದು ಮಾತು. ವಾಚ್‌ಮನ್ ಸಂಸಾರಕ್ಕೆ, ಕೆಲಸದವರಿಗೆ ಮೂಲೆಯಲ್ಲೊಂದು ತಗಡಿನ ಶೆಡ್ಡು ಹಾಕಿಸಿರುತ್ತೀರಿ. ಸಿಮೆಂಟು ಕಂಬಿಯ ಲೆಕ್ಕ ನೋಡಲು ಹೋದಾಗ ಅದರೊಳಗೂ ಒಮ್ಮೆ ಹೋಗಿ, ಬಾಗಿಲೆಳೆದುಕೊಂಡು ನಿಂತು ನೋಡಿ. ಕಿಂಡಿ ಇಲ್ಲದಿದ್ದರೆ ಮೇಸ್ತ್ರಿಗೆ ಹೇಳಿ ಒಂದು ತಗಡು ಕತ್ತರಿಸಿ ಕಿಟಕಿ ಬಿಡಿಸಿ. ಒಳಗೆ ಚಿಲಕ ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಟವರ್ ಬೋಲ್ಟ್ ಅಂತ ಕೇಳಿ, ಕೊಡುತ್ತಾರೆ. ದೊಡ್ಡ ಖರ್ಚೇನಲ್ಲ.