ಉನ್ಮತ್ತನ ಪಾಲು

ಉಮ್ಮಚಗಿ, ಯಲ್ಲಾಪುರ, ಸಿರಸಿ, ಸಿದ್ದಾಪುರಗಳ ಕಡೆಯಲ್ಲಿ ಯಾರಾದರೂ ಅಸಂಬದ್ಧವಾಗಿ ಮಾತನಾಡಿದರೆ ‘ಇವನನ್ನು ಧಾರವಾಡಕ್ಕೆ ಕಳುಹಿಸಬೇಕು’ ಎಂದು ಪರಿಹಾಸ ಮಾಡುವ ವಾಡಿಕೆಯುಂಟು. ಧಾರವಾಡವು ವಿದ್ಯೆಗೂ ಸಂಗೀತಕ್ಕೂ ಸಾಹಿತ್ಯಕ್ಕೂ ಹೆಸರಾದ ಊರು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಕಾಲೇಜು ವಿದ್ಯೆಯನ್ನು ಅಲ್ಲಿಯೇ ಪಡೆದವರು. ಆದರೂ ಆ ಹೆಸರಿಗೆ ಈ ಎರಡನೆಯ ಅರ್ಥವು ಅಂಟಿಕೊಂಡುದಕ್ಕೆ ಅಲ್ಲಿಯ ಮಾನಸಿಕ ರೋಗಿಗಳ ಆಸ್ಪತ್ರೆಯೇ ಕಾರಣ. ಈ ಪರಿಹಾಸದ ಮಾತಿನೊಳಗೆ ಧರ್ಮದ ಒಂದು ಪ್ರಶ್ನೆಯು ಅಡಗಿದೆ. ಬುದ್ಧಿ ಕೆಟ್ಟವನನ್ನು ಮನೆಯಿಂದ ಕಳುಹಿಸಬೇಕೋ, ಮನೆಯಲ್ಲಿಟ್ಟುಕೊಳ್ಳಬೇಕೋ? ಕಳುಹಿಸಿದರೆ ಎಷ್ಟು ಕಾಲದವರೆಗೆ? ಗುಣವಾಗಿ ಹಿಂದಿರುಗಿದವನ ಸ್ಥಾನವು ಯಾವುದು? ಆಸ್ಪತ್ರೆಗಳಲ್ಲಿ ಅವನಿಗಾಗಿ ಎಷ್ಟು ಹಾಸಿಗೆಗಳಿರಬೇಕೆಂಬ ಲೆಕ್ಕವು ಈ ಪ್ರಶ್ನೆಗಳ ಹಿಂದಿನಿಂದ ಬರತಕ್ಕದ್ದು.

ಪ್ರಥಮತಃ ವೃತ್ತಾಂತವನ್ನು ನೋಡೋಣ. ನಮ್ಮ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ಉನ್ಮತ್ತಾಲಯಗಳಲ್ಲಿ ಧಾರವಾಡದ್ದೂ ಒಂದಾಗಿದ್ದುದರಿಂದ ನಮ್ಮವರಿಗೆ ಅದು ದಾರಿಯಾಯಿತು. ಮೈಸೂರು ಸೀಮೆಯವರಿಗೆ ಬೆಂಗಳೂರಿನಲ್ಲಿ 1847ರಲ್ಲಿಯೇ ಅಂತಹ ಆಲಯವು ಏರ್ಪಟ್ಟಿದ್ದಿತು. 1858ರ ಕಾಯಿದೆಯೂ ಅನಂತರ 1912ರ ಕಾಯಿದೆಯೂ ರೋಗಿಯನ್ನು ಅಧಿಕಾರಿಯ ಅಪ್ಪಣೆಯಿಂದ ಒಳಗೆ ಸೇರಿಸುವ ಕ್ರಮವನ್ನು ಗೊತ್ತುಮಾಡಿದುವು. 1920ರ ದಶಕದಲ್ಲಿ ಹುಚ್ಚರ ಆಲಯವೆಂಬ ಹೆಸರು ಹೋಗಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. ಬೆಂಗಳೂರಿನ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಏರ್ಪಟ್ಟಿತು; 1974ರಲ್ಲಿ ಅವೆರಡೂ ಕೂಡಿ ಈಗಿನ ನಿಮ್ಹಾನ್ಸ್ ಆಯಿತು. ಧಾರವಾಡದ್ದು ಈಗ ಡಿಮ್ಹಾನ್ಸ್ ಎಂದು ಪ್ರಸಿದ್ಧವಾಗಿದೆ. ಹೆಸರುಗಳ ಈ ಬದಲಾವಣೆಯೊಡನೆ ಉದ್ದೇಶವೂ ಬದಲಾಯಿತೆಂಬುದು ಸಂತೋಷದ ವಿಷಯ: ಮೊದಲು ಸಮಾಜವನ್ನು ರೋಗಿಯಿಂದ ರಕ್ಷಿಸುವುದೇ ಗುರಿಯಾಗಿದ್ದಿತು, ಬಳಿಕ ರೋಗಿಯನ್ನು ರೋಗದಿಂದ ರಕ್ಷಿಸುವುದು ಗುರಿಯಾಯಿತು.

ಇನ್ನು ಸಂಖ್ಯೆಗಳು. 1946ರಲ್ಲಿ ಭೋರ್ ಸಮಿತಿಯು ದೇಶದ ಆರೋಗ್ಯವ್ಯವಸ್ಥೆಯನ್ನು ಪರಿಶೀಲಿಸಿದಾಗ ಚಿತ್ತರೋಗಿಗಳಿಗೆಂದು ಇದ್ದ ಹಾಸಿಗೆಗಳು 10,000ಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಆಗ ದೇಶದ ಜನಸಂಖ್ಯೆಯು ಸುಮಾರು 40 ಕೋಟಿ. ಅಂದರೆ 40,000 ಜನರಿಗೆ ಒಂದು ಹಾಸಿಗೆ. ಸಾವಿರಕ್ಕೆ ಇಬ್ಬರಂತೆ ಗಣಿಸಿದರೂ ಎಂಟು ಲಕ್ಷ ರೋಗಿಗಳಿಗೆ ಸ್ಥಳವು ಬೇಕೆಂದು ಆ ಸಮಿತಿಯು ಹೇಳಿತು. ಈ ಶತಮಾನದ ಆರಂಭಕ್ಕೆ ಸರ್ಕಾರದ ಮಾನಸಿಕ ಆಸ್ಪತ್ರೆಗಳ ಹಾಸಿಗೆಗಳು ಸುಮಾರು 18,000 ಆಗಿದ್ದುವು. ಜನಸಂಖ್ಯೆಯು 2001ರಲ್ಲಿ 102 ಕೋಟಿಯನ್ನು ಮೀರಿತ್ತು. ಹೀಗೆ ಹಾಸಿಗೆಯು ಹೆಚ್ಚಿದಂತೆ ಕಂಡರೂ ಅದರ ಅನುಪಾತವು 57,000 ಜನರಿಗೆ ಒಂದು ಎಂಬಷ್ಟಕ್ಕೆ ಇಳಿಯಿತು. 1933ರಲ್ಲಿ ಕಲಕತ್ತೆಯಲ್ಲಿ ಗಿರೀಂದ್ರಶೇಖರ ಬೋಸರು ಸಾಮಾನ್ಯ ಆಸ್ಪತ್ರೆಯೊಂದರಲ್ಲಿಯೇ ಮನೋರೋಗಿಗಳಿಗೆ ವಿಭಾಗವನ್ನು ತೆರೆದಂದಿನಿಂದ ಅಂತಹ ವಿಭಾಗಗಳು ಬೆಳೆದಿವೆ. ಖಾಸಗಿ ಚಿಕಿತ್ಸಾಲಯಗಳೂ ಉಂಟು. ಇವೆಲ್ಲವನ್ನು ಸೇರಿಸಿದರೂ ಬೇಕಾದುದಕ್ಕೂ ಇರುವುದಕ್ಕೂ ಅಂತರವು ಬಹಳ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಒಂದಿಲ್ಲೊಂದು ಮಾನಸಿಕ ಬಾಧೆಗೆ ಒಳಗಾದವರು. ಬಾಧೆಯ ಬಗೆಯನ್ನನುಸರಿಸಿ ಅವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯು ಮುಟ್ಟಿರಲಿಲ್ಲ.

ಪಾಶ್ಚಾತ್ಯ ದೇಶಗಳ ಕಥೆಯು ಇದಕ್ಕೆ ವಿಪರೀತವಾದುದು. ಅಮೆರಿಕದ ಸಾರ್ವಜನಿಕ ಮಾನಸಿಕ ಆಸ್ಪತ್ರೆಗಳಲ್ಲಿ 1955ರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದರು. 2016ರ ವೇಳೆಗೆ ಆ ಹಾಸಿಗೆಗಳು 40,000ಕ್ಕಿಂತ ಕೆಳಗೆ ಇಳಿದಿದ್ದುವು. ಇಟಲಿ ದೇಶವು 1978ರಲ್ಲಿ ಕಾಯಿದೆಯಿಂದಲೇ ಹಳೆಯ ಉನ್ಮತ್ತಾಲಯಗಳನ್ನು ಮುಚ್ಚಲು ನಿಶ್ಚಯಿಸಿತು. ಇದಕ್ಕೆ ಕಾರಣಗಳು ಹಲವು. 1952ರಿಂದೀಚೆಗೆ ಕ್ಲೋರ್‌ಪ್ರೋಮಜೀನ್ ಮೊದಲಾದ ಔಷಧಗಳು ಬಂದು, ಮೊದಲು ಕೋಣೆಯಲ್ಲಿ ಕೂಡಿಡಬೇಕಾಗಿದ್ದವರು ಮನೆಯಲ್ಲಿದ್ದುಕೊಂಡೇ ಬದುಕುವುದು ಸಾಧ್ಯವಾಯಿತು. ನಮ್ಮ ಘಟ್ಟದ ಕಾಡಿನಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ಉನ್ಮಾದವನ್ನು ಶಮನಮಾಡುವುದೆಂದು ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ 1931ರಲ್ಲಿಯೇ ಪ್ರಕಟಿಸಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಎರಡನೆಯದಾಗಿ, ಗೋಡೆಯೊಳಗೆ ಮನುಷ್ಯರನ್ನು ಜೀವಾವಧಿ ಇಡುವುದು ಅನ್ಯಾಯವೆಂಬ ಬುದ್ಧಿಯು ಉದಿಸಿತು. ಮೂರನೆಯದಾಗಿ, ಸರ್ಕಾರಗಳಿಗೆ ವೆಚ್ಚವನ್ನು ಇಳಿಸುವ ಆಶೆಯೂ ಇದ್ದಿತು. ಮೊದಲಿನ ಎರಡು ಕಾರಣಗಳಿಂದ ಬಾಗಿಲು ತೆರೆಯಿತು. ಮೂರನೆಯದರ ದೆಸೆಯಿಂದ ಹೊರಗೆ ಬಂದವನಿಗೆ ತಂಗುವ ಮನೆ ಸಿದ್ಧವಾಗಲಿಲ್ಲ. ಅಮೆರಿಕವು 1963ರಲ್ಲಿ ಊರೂರಿಗೆ ಚಿಕಿತ್ಸಾಕೇಂದ್ರಗಳನ್ನು ಕಟ್ಟುವುದಾಗಿ ಸಂಕಲ್ಪಿಸಿತು. ಆದುದು ಸಂಕಲ್ಪದ ಸುಮಾರು ಅರ್ಧವಷ್ಟೆ. ಉಳಿದವರು ಬೀದಿಗೂ ಸೆರೆಮನೆಗೂ ಹೋದರು. ಮಾನಸಿಕ ಆಸ್ಪತ್ರೆಗಳ ಹಾಸಿಗೆ ಕಡಿಮೆಯಿರುವ ದೇಶಗಳಲ್ಲಿ ಸೆರೆಯಾಳುಗಳು ಹೆಚ್ಚೆಂದು ಪೆನ್‌ರೋಸ್ ಎಂಬ ಇಂಗ್ಲಿಷ್ ವಿದ್ವಾಂಸರು 1939ರಲ್ಲಿ ಯುರೋಪಿನ ದೇಶಗಳನ್ನು ಹೋಲಿಸಿ ತೋರಿಸಿದ್ದರು. ಈ ಸಂಬಂಧವು ಎಲ್ಲ ಕಾಲದೇಶಗಳಿಗೂ ಸಲ್ಲುವುದೇ ಎಂಬ ಚರ್ಚೆಯು ಇದ್ದರೂ, ಅದರ ಎಚ್ಚರಿಕೆಯು ಮಾತ್ರ ಸಲ್ಲತಕ್ಕದ್ದೇ.

ಹಾಗಾದರೆ ನಮ್ಮ ದೇಶದಲ್ಲಿ, ಹಾಸಿಗೆಗಳು ಎಂದೂ ಸಾಕಷ್ಟಿಲ್ಲದಿರುವಾಗ, ಚಿತ್ತರೋಗಿಗಳನ್ನು ಹೊತ್ತವರು ಯಾರು? ಮನೆಯವರು. ನಮ್ಮ ತೋಟಪಟ್ಟಿಯ ಅವಿಭಕ್ತ ಕುಟುಂಬಗಳಲ್ಲಿ ಇಪ್ಪತ್ತು ಎಲೆಗಳ ಪಂಕ್ತಿಯಲ್ಲಿ ಅವನಿಗೂ ಒಂದು ಎಲೆಯು ಬೀಳುತ್ತಿದ್ದಿತು. ದರಕು ತರುವುದು, ಕೊಟ್ಟಿಗೆಗೆ ಸೊಪ್ಪು ಹಾಕುವುದು, ಅಡಕೆ ಹೆಕ್ಕುವುದು ಮುಂತಾದ ಕೆಲಸಗಳಲ್ಲಿ ಅವನಿಂದಾದುದನ್ನು ಅವನು ಮಾಡುತ್ತಿದ್ದನು. ಆಗದ ದಿನ ಜಗಲಿಯ ಮೂಲೆಯಲ್ಲಿ ಕುಳಿತಿರುತ್ತಿದ್ದನು. ಆದರೆ ಹಳೆಯ ಕಾಲವನ್ನು ಹೊಗಳುವ ಭರದಲ್ಲಿ ಸತ್ಯವನ್ನು ಮರೆಯಬಾರದು. ಕಂಬಕ್ಕೆ ಕಟ್ಟಿದ ಹಗ್ಗವೂ ಹೊರಗಿನಿಂದ ಅಗುಳಿ ಹಾಕಿದ ಕತ್ತಲೆಯ ಕೋಣೆಯೂ ಅದೇ ಮನೆಗಳಲ್ಲಿದ್ದುವು. ಮನೆಯವರು ಹೊತ್ತರೆಂಬ ಮಾತಿನ ಅರ್ಥವು ಬಹುತರವಾಗಿ ಆ ಮನೆಯ ಒಬ್ಬ ತಾಯಿ, ಇಲ್ಲವೆ ವಿಧವೆಯಾದ ಅಕ್ಕ, ಇಲ್ಲವೆ ಸೊಸೆ ಹೊತ್ತಳೆಂಬುದೇ ಆಗಿದೆ. ದೇವರ ಸನ್ನಿಧಿಯಲ್ಲಿ ಗುಣವಾಗಲೆಂದು ರೋಗಿಗಳನ್ನು ಬಿಟ್ಟುಬರುವ ಸ್ಥಳಗಳೂ ಇದ್ದುವು. 2001ನೆಯ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯ ಅಂತಹ ಒಂದು ವಸತಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಗಳಲ್ಲಿ ಬಂಧಿತರಾಗಿದ್ದವರು ಓಡಲಾರದೆ, 28 ಮಂದಿ ಪ್ರಾಣಬಿಟ್ಟರು. ಆಸ್ಪತ್ರೆಯೂ ಇಲ್ಲದೆ, ಮನೆಯೂ ಇಲ್ಲದೆ ಹೋದಲ್ಲಿ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು: ‘ಹಾಸಿಗೆಗಳು ಸಾಲದಿದ್ದರೆ ಹಾಸಿಗೆಗಳನ್ನು ಹೆಚ್ಚಿಸಲಿ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆಯನ್ನು ಕಟ್ಟಲಿ.’ ತೀವ್ರವಾದ ಉಲ್ಬಣದಲ್ಲಿ ರೋಗಿಗೆ ಆಸ್ಪತ್ರೆಯು ಅತ್ಯವಶ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ 2019ರಲ್ಲಿ ಪ್ರಕಟವಾದ ಒಂದು ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ನಿವಾಸಿಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಪಾಲಿನವರು ಒಂದು ವರುಷಕ್ಕೂ ಮೀರಿ ಅಲ್ಲಿಯೇ ಉಳಿದವರು. ಇವರಲ್ಲಿ ಎಷ್ಟೋ ಮಂದಿಗೆ ರೋಗವು ಹತೋಟಿಗೆ ಬಂದಿದೆ; ಮನೆಯು ಮಾತ್ರ ಬಾಗಿಲು ತೆರೆದಿಲ್ಲ. ಕೊಟ್ಟ ವಿಳಾಸದಲ್ಲಿ ಯಾರೂ ಇಲ್ಲ, ಬರೆದ ಪತ್ರಕ್ಕೆ ಉತ್ತರವಿಲ್ಲ. ಇಂತಹವರಿಂದ ತುಂಬಿದ ಹಾಸಿಗೆಯು ಹೊಸ ರೋಗಿಗೆ ದೊರೆಯದು. ಮನೆಯ ಬಾಗಿಲು ಮುಚ್ಚಿರುವವರೆಗೆ ಸಾವಿರ ಹಾಸಿಗೆಗಳನ್ನು ಹಾಸಿದರೂ ಅವು ಕೆಲವು ವರುಷಗಳಲ್ಲಿ ಹೀಗೆಯೇ ತುಂಬಿಹೋಗುವುವು.

ಇನ್ನೊಂದು ಪೂರ್ವಪಕ್ಷ: ‘ಆಸ್ಪತ್ರೆಯೇಕೆ? ಮನೆಯೇ ಉತ್ತಮವಾದ ಚಿಕಿತ್ಸಾಲಯ.’ ಈ ಮಾತಿನಲ್ಲಿಯೂ ಸತ್ಯಾಂಶವಿದೆ. ಚರಕಸಂಹಿತೆಯ ಉನ್ಮಾದಚಿಕಿತ್ಸೆಯಲ್ಲಿ ಔಷಧದ ಜೊತೆಗೆ ಸ್ನೇಹಿತರ ಸಾಂತ್ವನದ ಮಾತೂ ಸೇರಿದೆ. ಕೆರಳಿದವನನ್ನು ಕಟ್ಟಬೇಕಾಗಿ ಬಂದರೂ ನೋವಾಗದ ಪಟ್ಟಿಯಿಂದ ಕಟ್ಟಬೇಕೆಂಬ ಎಚ್ಚರವು ಅಲ್ಲಿದೆ. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಯೊಡನೆ ಅವನ ಮನೆಯವರನ್ನೂ ಇರಿಸಿಕೊಂಡರು. ರೋಗಿಗಳು ಬೇಗನೆ ಮನೆಗೆ ಮರಳತೊಡಗಿದರು. ಆದರೆ ಇಂದಿನ ಮನೆ ಎಂತಹುದು? ನಮ್ಮ ಸೀಮೆಯಲ್ಲಿ ಹಿಸ್ಸೆಯಾಗಿ ಹಿಸ್ಸೆಯಾಗಿ ದೊಡ್ಡ ಮನೆಗಳು ಚಿಕ್ಕವಾದುವು, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಎಂಟು ಅಂಕಣದ ಮನೆಯಲ್ಲಿ ಎಪ್ಪತ್ತು ದಾಟಿದ ದಂಪತಿಗಳು ಇಬ್ಬರೇ. ಅವರ ಜೊತೆಗೆ ಚಿತ್ತಸ್ವಾಸ್ಥ್ಯವಿಲ್ಲದ ನಲವತ್ತು ವರುಷದ ಮಗನಿದ್ದರೆ ‘ಮನೆಯೇ ಚಿಕಿತ್ಸಾಲಯ’ವೆಂಬ ಮಾತು ಆ ಮುದುಕಿಯ ಬೆನ್ನಿನ ಮೇಲೆ ಹೇರಿದ ಕಲ್ಲಾಗುವುದು. ತಮ್ಮ ಅನಂತರ ಇವನ ಗತಿಯೇನೆಂಬ ಚಿಂತೆಯಿಂದ ಅವರಿಗೆ ರಾತ್ರಿ ನಿದ್ರೆ ಬಾರದು.

ಈ ಎರಡು ಪಕ್ಷಗಳ ನಡುವೆ ನಿರ್ಣಯಕ್ಕಾಗಿ ನಾನು ನಮ್ಮ ನಾಡಿನದೇ ಆದ ಒಂದು ಗ್ರಂಥದ ಕಡೆಗೆ ತಿರುಗುವೆನು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದ ದಾಯವಿಭಾಗದಲ್ಲಿ ಉನ್ಮತ್ತನ ವಿಚಾರವು ಬಂದಿದೆ. ಉನ್ಮತ್ತನಿಗೆ ಆಸ್ತಿಯಲ್ಲಿ ಅಂಶವಿಲ್ಲವೆಂದು ಸ್ಮೃತಿಯು ಹೇಳುವುದು. ಇಷ್ಟನ್ನೇ ಕೇಳಿ ನಿಲ್ಲಿಸುವವರು ಅರ್ಧಶಾಸ್ತ್ರವನ್ನು ಬಲ್ಲವರು. ಅಂಶವಿಲ್ಲದಿದ್ದರೂ ಅವನು ಜೀವನಪರ್ಯಂತ ಅನ್ನವಸ್ತ್ರಗಳಿಂದ ಪೋಷಣೀಯನು. ಪೋಷಿಸದವನು ಪತಿತನಾಗುವನೆಂದು ಮನುವಿನ ಮತ. ಅವನ ನಿರ್ದೋಷಿಗಳಾದ ಪುತ್ರರಿಗೆ ಅಂಶವುಂಟು. ಎಲ್ಲಕ್ಕಿಂತ ಮಿಗಿಲಾಗಿ, ವಿಭಾಗವು ಆದ ಮೇಲೆ ಔಷಧಾದಿಗಳಿಂದ ಅವನ ದೋಷವು ನಿವೃತ್ತವಾದರೆ, ವಿಭಾಗಾನಂತರ ಹುಟ್ಟಿದ ಮಗನಿಗೆ ಹೇಗೋ ಹಾಗೆ, ಅವನಿಗೂ ಅಂಶಪ್ರಾಪ್ತಿಯುಂಟೆಂದು ವಿಜ್ಞಾನೇಶ್ವರನು ಹೇಳುವನು. ಇದರ ತಾತ್ಪರ್ಯವನ್ನು ವಿಚಾರಮಾಡಿರಿ. ರೋಗವು ಮನುಷ್ಯನ ಸ್ಥಾನವನ್ನು ಅಳಿಸಲಾರದು; ಕೆಲವು ಕಾಲ ತಡೆಹಿಡಿಯಬಹುದಷ್ಟೆ. ಗುಣವಾದವನು ಮನೆಗೆ ಮರಳಿದರೆ, ಬರೆದು ಮುಗಿದ ಪಾಲುಪತ್ರವನ್ನೇ ಮತ್ತೆ ಬಿಚ್ಚಬೇಕು.

ಆಧುನಿಕ ನ್ಯಾಯವು ಇಲ್ಲಿಂದಲೂ ಮುಂದೆ ಹೋಯಿತು. 1928ರ ಕಾಯಿದೆಯು ಹುಟ್ಟಿನಿಂದಲೇ ಬಂದ ಉನ್ಮಾದ, ಬುದ್ಧಿಮಾಂದ್ಯಗಳನ್ನುಳಿದು ಮಿಕ್ಕ ಶಾರೀರಿಕ ಮಾನಸಿಕ ದೋಷಗಳಿಂದಾಗುತ್ತಿದ್ದ ಅಂಶಹಾನಿಯನ್ನು ತೆಗೆದುಹಾಕಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಯಾವ ರೋಗವೂ ಯಾವ ವೈಕಲ್ಯವೂ ಉತ್ತರಾಧಿಕಾರಕ್ಕೆ ಬಾಧಕವಲ್ಲವೆಂದು ಸಾರಿತು. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿತು. ಕುಟುಂಬವಿಲ್ಲವೆಂಬ ಅಥವಾ ಕುಟುಂಬವು ಒಪ್ಪದೆಂಬ ಕಾರಣ ಮಾತ್ರದಿಂದ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಬಾರದೆಂದಿತು. ಕುಟುಂಬವು ತ್ಯಜಿಸಿದವನು ತನ್ನ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕನ್ನು ನಡೆಸಿಕೊಳ್ಳಲು ಸರ್ಕಾರವು ನೆರವಾಗಬೇಕೆಂದಿತು. ಆಸ್ಪತ್ರೆಗೂ ಮನೆಗೂ ನಡುವೆ ಇರತಕ್ಕ ಚಿಕ್ಕ ವಸತಿಗಳನ್ನು ಏರ್ಪಡಿಸುವುದೂ ಸರ್ಕಾರದ ಹೊಣೆಯಾಯಿತು.

ಆದುದರಿಂದ ಸಿದ್ಧಾಂತವು ಹೀಗೆ: ಚಿತ್ತರೋಗಿಯ ಭರಣವು ಒಂದು ಋಣ. ಅದನ್ನು ಮನೆಯಿಂದ ಆಸ್ಪತ್ರೆಗೆ ದಾಟಿಸಿದರೂ, ಆಸ್ಪತ್ರೆಯಿಂದ ಮನೆಗೆ ದಾಟಿಸಿದರೂ ಋಣವು ತೀರುವುದಿಲ್ಲ. ಸಾಲಗಾರನ ಹೆಸರು ಮಾತ್ರ ಬದಲಾಗುವುದು. ಹಾಸಿಗೆಯನ್ನು ಕಡಿಮೆಮಾಡುವುದು ಧರ್ಮವಾಗಬೇಕಾದರೆ ಕಡಿಮೆಯಾದ ಪ್ರತಿಯೊಂದು ಹಾಸಿಗೆಗೂ ಬದಲಾಗಿ ಹೊರಗೆ ಒಂದು ಸ್ಥಳವು ಮೊದಲೇ ಸಿದ್ಧವಾಗಿರಬೇಕು. ಹೆಚ್ಚಿಸುವುದು ಧರ್ಮವಾಗಬೇಕಾದರೆ ಅದರಿಂದ ಎದ್ದುಹೋಗುವ ದಾರಿಯು ತೆರೆದಿರಬೇಕು.

ಇದು ಅಸಾಧ್ಯವಾದುದೇನೂ ಅಲ್ಲ. ನಿಮ್ಹಾನ್ಸಿನವರು 1976ರಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಗ್ರಾಮಚಿಕಿತ್ಸೆಯನ್ನು ಆರಂಭಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯನ್ನಿತ್ತು ಔಷಧವು ರೋಗಿಯ ಊರಿನ ಹತ್ತಿರದಲ್ಲಿಯೇ ದೊರೆಯುವಂತೆ ಮಾಡಿದರು. ಈ ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಆಧಾರವಾಯಿತು. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಲಹೆಯು ದೊರೆಯುವುದು. ಔಷಧಕ್ಕಾಗಿ ಧಾರವಾಡದವರೆಗೆ ಹೋಗಬೇಕಾಗಿದ್ದ ಕಾಲವು ಹಿಂದಾಗುತ್ತಿದೆ. ಹಿಂದಾಗದಿರುವುದು ನಮ್ಮ ಲಜ್ಜೆ.

ಸರ್ಕಾರವು ಮಾಡತಕ್ಕದ್ದನ್ನು ಸರ್ಕಾರದಿಂದ ಕೇಳಬೇಕು. ಮನೆಗಳು ಮಾಡತಕ್ಕದ್ದೂ ಒಂದುಂಟು. ಹಿಸ್ಸೆಪತ್ರವನ್ನು ಬರೆಯುವಾಗ ತೋಟದ ಗುಂಟೆಗಳನ್ನೂ ಸೊಪ್ಪಿನ ಬೆಟ್ಟವನ್ನೂ ಬಾವಿಯ ನೀರಿನ ಸರದಿಯನ್ನೂ ಎಷ್ಟು ಸೂಕ್ಷ್ಮವಾಗಿ ಗೊತ್ತುಮಾಡುವೆವು! ಅದೇ ಪತ್ರದಲ್ಲಿ ಚಿತ್ತಸ್ವಾಸ್ಥ್ಯವಿಲ್ಲದ ಅಣ್ಣನ ಅಥವಾ ತಂಗಿಯ ಪಾಲನ್ನು ಅವರ ಹೆಸರಿನಲ್ಲಿಯೇ ಬರೆದು, ಅವರು ಯಾವ ಕೋಣೆಯಲ್ಲಿ ಇರತಕ್ಕದ್ದು, ಔಷಧದ ವೆಚ್ಚವನ್ನು ಯಾರು ಕೊಡತಕ್ಕದ್ದು, ಈಗ ನೋಡಿಕೊಳ್ಳುವವರಿಗೆ ವರುಷದಲ್ಲಿ ಎಷ್ಟು ದಿನಗಳ ಬಿಡುವನ್ನು ಯಾರು ಕೊಡತಕ್ಕದ್ದು, ಅವರ ಅನಂತರ ಹೊಣೆ ಯಾರದು ಎಂಬ ನಾಲ್ಕು ಸಾಲುಗಳನ್ನು ಸೇರಿಸುವುದು ಕಷ್ಟವೇ? ಬೆಂಗಳೂರಿನಲ್ಲಿರುವ ತಮ್ಮಂದಿರು ತಿಂಗಳಿಗೆ ಹಣವನ್ನು ಕಳುಹಿಸಿ ಋಣಮುಕ್ತರಾದೆವೆಂದು ತಿಳಿಯಬಾರದು. ವರುಷಕ್ಕೆ ಹದಿನೈದು ದಿನ ಬಂದು ಆ ಮುದುಕಿಯ ಕೈಯಿಂದ ಕೆಲಸವನ್ನು ತೆಗೆದುಕೊಳ್ಳಬೇಕು. ವಿದ್ಯಾವಂತರಾದ ಗೃಹಸ್ಥರು ತಂತಮ್ಮ ಮನೆಗಳಲ್ಲಿ ಈ ವಿಷಯವನ್ನು ಕುಳಿತು ಮಾತನಾಡಬೇಕೆಂದೂ, ಯಜಮಾನರು ಬದುಕಿರುವಾಗಲೇ ಮಾತನಾಡಬೇಕೆಂದೂ ವಿನಯದಿಂದ ಬೇಡುವೆನು.